ಬರೆಯಲು ಬಲ್ಲವರೇ, ಆಜಿಯ ಜಗಲಿಗೆ ಬನ್ನಿ

ಅನಮೋಡ, ಕ್ಯಾಸಲ್‌ರಾಕ್, ರಾಮನಗರ, ಜೋಯಿಡಾ ಕಡೆಯ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ,

ಘಟ್ಟದ ಮೇಲಿನ ಒಂದು ವಾಡೆಯಲ್ಲಿ ಕಳೆದ ತಿಂಗಳು ಒಬ್ಬ ಆಜಿ ಒಲೆಯ ಮೇಲಿನ ಅಟ್ಟದಿಂದ ಪ್ಲಾಸ್ಟಿಕ್ ಚೀಲವೊಂದನ್ನು ಇಳಿಸಿ ನಮ್ಮ ಮುಂದೆ ಬಿಚ್ಚಿದರು. ಮಳೆ ಹನಿಯಬಾರದು, ಗೆದ್ದಲು ಹತ್ತಬಾರದು ಎಂದು ಹೊಗೆಯಲ್ಲಿ ತೂಗುಹಾಕಿದ್ದ ಕಾಗದಗಳು. ರೇಶನ್ ಕಾರ್ಡು, ಮತದಾರರ ಚೀಟಿ, ಮನೆಪಟ್ಟಿ ಕಟ್ಟಿದ ರಸೀದಿ, ಗಂಡನ ಮರಣ ದಾಖಲೆ. ಎಲ್ಲವೂ ಬೆಲ್ಲದ ಬಣ್ಣಕ್ಕೆ ತಿರುಗಿದ್ದವು. ಬೇಕಾಗಿದ್ದ ಒಂದು ಕಾಗದ ಮಾತ್ರ ಅದರಲ್ಲಿ ಇರಲಿಲ್ಲ: ಅರಣ್ಯ ಹಕ್ಕಿಗೆ ಅರ್ಜಿ ಕೊಟ್ಟದ್ದಕ್ಕೆ ಸ್ವೀಕೃತಿ. ಅರ್ಜಿ ಕೊಟ್ಟದ್ದು ಅವರಿಗೆ ಚೆನ್ನಾಗಿ ನೆನಪಿದೆ. ಆಮೇಲೆ ಯಾರೋ ಬಂದು ‘ನಿಮ್ಮದು ರಿಜೆಕ್ಟ್ ಆಗಿದೆ’ ಎಂದು ಬಾಯಲ್ಲೇ ಹೇಳಿ ಹೋದರಂತೆ. ಅಂದಿನಿಂದ ಆಜಿ ಗೋಡೆಗೆ ಮಣ್ಣು ಮೆತ್ತಿಲ್ಲ. ಬಿಟ್ಟುಹೋಗುವ ಮನೆಗೆ ಯಾಕೆ ಮೆತ್ತಲಿ ಎಂದು ಕೊಂಕಣಿಯಲ್ಲಿ ನಮ್ಮನ್ನೇ ಕೇಳಿದರು.

ಆಜಿ, ಈ ಮಳೆಗಾಲಕ್ಕೆ ಮುಂಚೆ ಗೋಡೆಗೆ ಮಣ್ಣು ಮೆತ್ತಿ. ಆ ಮನೆ ಬಿಡಬೇಕಾಗಿಲ್ಲ.

2006ರ ಅರಣ್ಯ ಹಕ್ಕು ಕಾಯ್ದೆಯ 4ನೇ ಕಲಮಿನ 5ನೇ ಉಪಕಲಮು ಬಹಳ ಸ್ಪಷ್ಟವಾಗಿದೆ. ಹಕ್ಕಿನ ಪರಿಶೀಲನೆ ಪೂರ್ತಿ ಮುಗಿಯುವ ತನಕ ಅರಣ್ಯವಾಸಿಯನ್ನು ಅವನ ಜಾಗದಿಂದ ಎಬ್ಬಿಸುವಂತಿಲ್ಲ. ಬಾಯಲ್ಲಿ ಹೇಳಿದ ತಿರಸ್ಕಾರ ತಿರಸ್ಕಾರವೇ ಅಲ್ಲ. ಅರ್ಜಿ ತಿರಸ್ಕರಿಸಿದರೆ ಅರ್ಜಿದಾರರಿಗೆ ಖುದ್ದಾಗಿ ತಿಳಿಸಬೇಕು, ಕಾರಣ ಬರವಣಿಗೆಯಲ್ಲಿ ಇರಬೇಕು. ಗ್ರಾಮಸಭೆಯ ತೀರ್ಮಾನ ಒಪ್ಪದಿದ್ದರೆ 60 ದಿನದೊಳಗೆ ಉಪವಿಭಾಗ ಸಮಿತಿಗೆ, ಅಲ್ಲೂ ಆಗದಿದ್ದರೆ ಮತ್ತೆ 60 ದಿನದೊಳಗೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ಸಮಿತಿಗೆ ಮೇಲ್ಮನವಿ ಹಾಕಬಹುದು. ನಿಮ್ಮ ಮಾತು ಕೇಳದೆ ಅದನ್ನು ವಜಾ ಮಾಡುವಂತಿಲ್ಲ. 2019ರ ಫೆಬ್ರವರಿ 13ರಂದು ಸುಪ್ರೀಂ ಕೋರ್ಟು ಅರ್ಜಿ ತಿರಸ್ಕೃತರಾದವರನ್ನು ಒಕ್ಕಲೆಬ್ಬಿಸಲು ಹೇಳಿದಾಗ ಇಡೀ ಜಿಲ್ಲೆಯ ಎದೆ ಒಡೆದಿತ್ತು. ಅದೇ ತಿಂಗಳ 28ರಂದು ಕೋರ್ಟೇ ಆ ಆದೇಶವನ್ನು ತಡೆಹಿಡಿದು, ತಿರಸ್ಕಾರದ ವಿಚಾರಣೆ ಸರಿಯಾಗಿ ನಡೆದಿದೆಯೇ ಎಂದು ರಾಜ್ಯಗಳನ್ನು ಕೇಳಿತು. ಮೊದಲನೆಯ ಸುದ್ದಿ ಎಲ್ಲ ವಾಡೆಗಳಿಗೂ ಮುಟ್ಟಿತು. ಎರಡನೆಯದು ಮುಟ್ಟಲೇ ಇಲ್ಲ. ಈ ಕರಪತ್ರ ಹಿಡಿದುಕೊಂಡು ನಾವು ಮನೆಮನೆ ತಿರುಗುತ್ತಿರುವುದು ಅದಕ್ಕೇ.

ನಮ್ಮ ಕಷ್ಟಕ್ಕೆ ಇನ್ನೊಂದು ಗಂಟು ಇದೆ. ಅನಮೋಡ ಘಾಟಿ ಇಳಿದರೆ ಮೊಲ್ಲೆ. ಆ ಕಡೆ ಗೋವೆಯ ಕುಣಬಿಗಳನ್ನು 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿಸಿದರು. ಅದೇ ಕಾಯ್ದೆಯಿಂದ ನಮ್ಮ ಜಿಲ್ಲೆಯ ಸಿದ್ದಿಗಳೂ ಸೇರಿದರು. ಈ ಕಡೆಯ ಕುಣಬಿ ಮತ್ತು ಗೌಳಿ ಮನೆಗಳು ಹೊರಗೇ ಉಳಿದವು. ಹೆಣ್ಣು ಕೊಟ್ಟು ತಂದ ಬೀಗರು ಅಲ್ಲಿ ಒಂದು ಪಟ್ಟಿಯಲ್ಲಿ, ನಾವು ಇಲ್ಲಿ ಬೇರೆ ಪಟ್ಟಿಯಲ್ಲಿ. ಇದರಿಂದ ಆಗುವುದೇನು? ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮುಂಚಿನಿಂದ ಅಲ್ಲಿದ್ದೇವೆ ಎಂದು ತೋರಿಸಿದರೆ ಸಾಕು. ಉಳಿದ ಪಾರಂಪರಿಕ ಅರಣ್ಯವಾಸಿಗಳು ಆ ದಿನಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷದ ವಾಸ ತೋರಿಸಬೇಕು. 1930ರ ಕಾಗದ ಯಾವ ಕುಣಬಿಯ ಅಟ್ಟದಲ್ಲಿ ಇದ್ದೀತು?

ಕಾಗದವೇ ಬೇಕು ಎಂದು ಯಾರಾದರೂ ಪಟ್ಟು ಹಿಡಿದರೆ ನಂಬಬೇಡಿ. ಅರಣ್ಯ ಹಕ್ಕು ಕಾಯ್ದೆಯ ನಿಯಮ 13 ಓದಿ, ಓದಿಸಿ. ಹಳೆಯ ಬಾವಿ ಸಾಕ್ಷಿ. ಸ್ಮಶಾನ ಸಾಕ್ಷಿ. ದೇವರ ಬನ ಸಾಕ್ಷಿ. ಅಜ್ಜ ಕಟ್ಟಿದ ಗದ್ದೆಯ ಬದು, ಸಮತಟ್ಟು ಮಾಡಿದ ನೆಲ, ಮನೆಯ ವಂಶಾವಳಿ ಎಲ್ಲವೂ ಸಾಕ್ಷಿ. ಅರ್ಜಿದಾರರಲ್ಲದ ಹಿರಿಯರು ಹೇಳಿದ ಮಾತನ್ನು ಬರೆದುಕೊಂಡರೆ ಅದೂ ಸಾಕ್ಷಿ. ಗೆಜೆಟಿಯರೂ ನಡೆಯುತ್ತದೆ. 1883ರಲ್ಲಿ ಅಚ್ಚಾದ ಮುಂಬಯಿ ಪ್ರಾಂತದ ಕೆನರಾ ಗೆಜೆಟಿಯರಿನಲ್ಲಿ ಕುಣಬಿ, ಗೌಳಿ, ಸಿದ್ದಿ ಮೂವರ ಬಗ್ಗೆಯೂ ಬರೆದಿದ್ದಾರೆ. ಇಂಥವುಗಳಲ್ಲಿ ಒಂದಕ್ಕಿಂತ ಹೆಚ್ಚು ಸಾಕ್ಷಿ ಜೋಡಿಸಿದರೆ ಅರ್ಜಿ ನಿಲ್ಲುತ್ತದೆ. ಜಿಪಿಎಸ್ ನಕ್ಷೆ, ಉಪಗ್ರಹದ ಚಿತ್ರ ಇವಕ್ಕೆ ಪೂರಕ, ಇವುಗಳ ಬದಲಿ ಆಗಲಾರವು.

ಈ ಸಾಕ್ಷಿಗಳನ್ನು ಬರೆಯುವವರು ಬೇಕು. ಆಜಿ ಕೊಂಕಣಿಯಲ್ಲಿ ಹೇಳುತ್ತಾರೆ, ನಮೂನೆ ಕನ್ನಡದಲ್ಲಿದೆ. ನಡುವೆ ಕೂತು ಬರೆಯುವ ಒಬ್ಬ ಹುಡುಗ ಇಲ್ಲದೆ, ಒಬ್ಬ ಹುಡುಗಿ ಇಲ್ಲದೆ ಮನೆಗಳು ಹೋಗುತ್ತಿವೆ. ಎಸ್‌ಎಸ್‌ಎಲ್‌ಸಿ ಮುಗಿಸಿದ ಪ್ರತಿಯೊಬ್ಬರನ್ನೂ ಕೈಮುಗಿದು ಕೇಳುತ್ತೇವೆ, ಗೋವೆಯಲ್ಲಿ ಕೆಲಸಕ್ಕಿರುವವರನ್ನು ಇನ್ನೂ ಒತ್ತಿ ಕೇಳುತ್ತೇವೆ. ಎರಡು ಭಾನುವಾರ ಊರಿಗೆ ಬನ್ನಿ. ಒಬ್ಬೊಬ್ಬರು ಮೂರು ಮನೆ ಹಿಡಿಯಿರಿ. ಜಗಲಿಯ ಮೇಲೆ ಕೂತು, ಆಜಿ ಹೇಳಿದ್ದನ್ನು ಹೇಳಿದ ಹಾಗೇ ಬರೆಯಿರಿ. ಬಾವಿ ತೋಡಿದ್ದು ಯಾರು, ಹಲಸು ನೆಟ್ಟದ್ದು ಯಾವ ಮದುವೆಯ ವರ್ಷ, ಮೊದಲ ಮಗುವನ್ನು ಮಣ್ಣು ಮಾಡಿದ್ದು ಎಲ್ಲಿ. ಅದರ ಕೆಳಗೆ ಹೆಬ್ಬೆಟ್ಟು, ಪಕ್ಕದಲ್ಲಿ ಇಬ್ಬರು ನೆರೆಯವರ ಸಹಿ. ಅರ್ಜಿಯಲ್ಲಿ ಗಂಡ ಹೆಂಡತಿ ಇಬ್ಬರ ಹೆಸರೂ ಇರಲಿ, ಹಕ್ಕುಪತ್ರ ಜಂಟಿಯಾಗಿಯೇ ಬರಬೇಕು ಎಂದು ಕಾಯ್ದೆ ಹೇಳುತ್ತದೆ. ಅರಣ್ಯ ಹಕ್ಕು ಸಮಿತಿಗೆ ಕೊಟ್ಟ ಕೂಡಲೇ ಸ್ವೀಕೃತಿ ಕೇಳಿ ಪಡೆಯಿರಿ. ಅದು ಕೈಗೆ ಬಾರದೆ ಅಲ್ಲಿಂದ ಏಳಬೇಡಿ.

ಇನ್ನು ಊರು ಬಿಟ್ಟರೆ ಕೊಡುವ ಹಣದ ಮಾತು. ಹುಲಿ ಯೋಜನೆಯ ಕೋರ್ ಪ್ರದೇಶ ಬಿಟ್ಟುಹೋಗುವ ಕುಟುಂಬಕ್ಕೆ ಮೊದಲು 10 ಲಕ್ಷ ಇತ್ತು, 2021ರಲ್ಲಿ 15 ಲಕ್ಷ ಮಾಡಿದರು. ದೇಶದ ಹುಲಿ ಕಾಡುಗಳ ಕೋರ್ ಒಳಗೆ 591 ಊರು, 64,801 ಕುಟುಂಬ ಉಳಿದಿವೆ, ಸ್ಥಳಾಂತರ ಬೇಗ ಮುಗಿಸಿ ಎಂದು ಹುಲಿ ಸಂರಕ್ಷಣಾ ಪ್ರಾಧಿಕಾರ 2024ರ ಜೂನ್‌ನಲ್ಲಿ ರಾಜ್ಯಗಳಿಗೆ ಬರೆದಿದೆ. ಒಪ್ಪಿ ಹೋದವರನ್ನು ನಾವು ದೂರುವುದಿಲ್ಲ. ದವಾಖಾನೆ ದೂರ, ಶಾಲೆ ದೂರ, ರಸ್ತೆ ಇಲ್ಲ. ಯಾರಿಗೆ ಸಾಕಾಗುವುದಿಲ್ಲ? ಆದರೆ ಕಣ್ಣೆದುರೇ ನೋಡಿದ್ದೇವೆ. ಹಣ ಕಿಸೆಯಲ್ಲಿ ಕರಗಿದ ಮೇಲೆ ಬಾಡಿಗೆ ಕೋಣೆ, 11 ತಿಂಗಳ ಕರಾರು, ಮುಂಗಡ. ಒಂದು ತಿಂಗಳು ಕೂಲಿ ತಪ್ಪಿದರೆ ಮಾಲೀಕರು ಬಾಗಿಲಿಗೆ ಬರುತ್ತಾರೆ. ಸ್ವಂತ ಹಲಸಿನ ಮರದ ಕೆಳಗೆ ಇದ್ದವರು ಇನ್ನೊಬ್ಬರ ಚಾವಡಿಯಲ್ಲಿ ದಿನ ಎಣಿಸುತ್ತಾರೆ. ಅಣೆಕಟ್ಟಿನ ನೀರಿನಲ್ಲಿ ಸೂಪಾ ಮುಳುಗಿದಾಗ ಎದ್ದವರ ಮಕ್ಕಳು ರಾಮನಗರದಲ್ಲಿದ್ದಾರೆ. ಬಿಟ್ಟ ಊರಿನ ಬಗ್ಗೆ ಅವರನ್ನು ಒಮ್ಮೆ ಕೇಳಿ ನೋಡಿ.

ಒಪ್ಪುವುದು ಬಿಡುವುದು ಅವರವರ ಇಷ್ಟ. ಆದರೆ ಆ ಇಷ್ಟಕ್ಕೆ ಕಾನೂನಿನ ಕಾವಲು ಇದೆ. ವನ್ಯಜೀವಿ ಕಾಯ್ದೆಯ 38-ವಿ ಕಲಮಿನ ಪ್ರಕಾರ ಮೊದಲು ಹಕ್ಕಿನ ಪರಿಶೀಲನೆ ಮುಗಿಯಬೇಕು. ಗ್ರಾಮಸಭೆಯೂ ಆಯಾ ಕುಟುಂಬವೂ ಎಲ್ಲವನ್ನೂ ತಿಳಿದು ಒಪ್ಪಬೇಕು. ಹೋಗುವ ಕಡೆ ಜಾಗ, ಸೌಕರ್ಯ ಮುಂಚೆಯೇ ಸಿದ್ಧ ಇರಬೇಕು. ಖಾಲಿ ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿದರೆ ಅದು ಒಪ್ಪಿಗೆಯಲ್ಲ. ಮೊದಲು ಹಕ್ಕುಪತ್ರ ಕೈಗೆ ಬರಲಿ, ಮಾತು ಆಮೇಲೆ.

ಹುಲಿಗೆ ನಾವು ಶತ್ರುಗಳಲ್ಲ. ಚಾಮರಾಜನಗರದ ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರು ಹುಲಿ ಕಾಡಿನೊಳಗೇ 2011ರಲ್ಲಿ ಸಮುದಾಯ ಹಕ್ಕು ಪಡೆದರು. ಸೋಲಿಗರೂ ಇದ್ದಾರೆ, ಹುಲಿಯೂ ಇದೆ. ನಮ್ಮ ಕಾಳಿ ಹುಲಿ ಕಾಡಿನಲ್ಲೂ ಅದು ಆಗುತ್ತದೆ.

ವಕೀಲರಿಗೆ ಕೊಡಲು ದುಡ್ಡಿಲ್ಲ ಎಂದು ಸುಮ್ಮನಾಗಬೇಡಿ. ಹೆಣ್ಣುಮಕ್ಕಳಿಗೆ, ಪರಿಶಿಷ್ಟರಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡಬೇಕು, ಬಡವರಿಗೂ ಕೊಡುತ್ತಾರೆ. ಕಾರವಾರದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ, 15100ಕ್ಕೆ ಫೋನು ಮಾಡಿದರೂ ಆಗುತ್ತದೆ. ಸಿಗ್ನಲ್ ಸಿಗುವ ದಿಣ್ಣೆ ನಿಮಗೇ ಗೊತ್ತು.

ಬರುವ ಗ್ರಾಮಸಭೆಗೆ ಗದ್ದೆ ಕೆಲಸ ಬಿಟ್ಟಾದರೂ ಬನ್ನಿ. ಹಕ್ಕಿನ ಠರಾವು ಆಗಬೇಕಾದರೆ ಕೋರಂ ಬೇಕು: ಸದಸ್ಯರ ಅರ್ಧದಷ್ಟು ಜನ, ಬಂದವರಲ್ಲಿ ಮೂರನೇ ಒಂದು ಪಾಲು ಹೆಂಗಸರು, ಅರ್ಜಿ ಹಾಕಿದವರಲ್ಲೂ ಅರ್ಧ ಮಂದಿ. ಕೋರಂ ಇಲ್ಲವೆಂದು ಸಭೆ ಮುಂದೆ ಹೋದರೆ ಮಳೆ ಹಿಡಿಯುತ್ತದೆ. ಆಮೇಲೆ ಹಳ್ಳ ತುಂಬಿ ಯಾರೂ ದಾಟಲಾರರು.

ಬರೆಯಲು ಬರುವವರು ಒಂದು ನೋಟುಬುಕ್ಕು, ಎರಡು ಪೆನ್ನು, ಹೆಬ್ಬೆಟ್ಟಿಗೆ ಶಾಯಿ ಡಬ್ಬಿ ತನ್ನಿ. ಫೋನು ತುಂಬ ಚಾರ್ಜು ಇರಲಿ, ಬಾವಿಯ, ಬದುವಿನ, ಬನದ ಫೋಟೋ ತೆಗೆಯಬೇಕು. ಊಟ ವಾಡೆಯಲ್ಲೇ. ಮೊದಲ ಭಾನುವಾರ ಆ ಆಜಿಯ ಮನೆಯಿಂದಲೇ ಶುರು ಮಾಡೋಣ.

ಇಂತಿ,
ಅನಮೋಡ ಸುತ್ತಲಿನ ವಾಡೆಗಳ ನಿಮ್ಮ ನೆರೆಹೊರೆಯವರು