ಯುರೋಪಿಗೆ ಹೊರಡುವ ಅಡಿಕೆಯವರೇ, ಬೋರ್ಡೋವರೆಗೆ ಹೋಗಿ ಬನ್ನಿ

ಅಡಿಕೆಗೆ ಸ್ವಲ್ಪ ರೇಟು ಬಂದ ಮೇಲೆ ನಮ್ಮ ಕಡೆ ಹೊಸ ಮಾತೊಂದು ಶುರುವಾಗಿದೆ. ಮೊದಲೆಲ್ಲ ಕಾಶಿ, ಶ್ರವಣಬೆಳಗೊಳ, ವೇಲಾಂಕಣಿ ಅಂತ ಇತ್ತು. ಈಗ ಸೊಸೈಟಿ ಜಗಲಿಯಲ್ಲಿ ಕೂತರೆ "ಒಮ್ಮೆ ಮನೆಯವರೆಲ್ಲ ಯುರೋಪ್ ನೋಡಿ ಬರುವ" ಎನ್ನುವುದು ಕೇಳ್ತದೆ. ಕೆಲವರ ಮಕ್ಕಳು ಜರ್ಮನಿ, ಐರ್ಲೆಂಡ್ ಅಂತ ಅಲ್ಲೇ ಇದ್ದಾರೆ. ಇನ್ನು ಕೆಲವರಿಗೆ "ಕೈಕಾಲು ಗಟ್ಟಿ ಇರುವಾಗಲೇ ಹೋಗುವ" ಎಂಬ ಆಸೆ. ಬೆನ್ನಿಗೇ ಇನ್ನೊಂದು ಮಾತೂ ಬರ್ತದೆ: "ತೋಟದವನಿಗೆ ಎಂತಕ್ಕೆ ಮಾರಾಯ್ರೆ ಯುರೋಪು? ಆ ದುಡ್ಡಲ್ಲಿ ಒಂದು ಬೋರ್ ಹೊಡೆಸಬಹುದಿತ್ತು."

ನನ್ನ ಅಭಿಪ್ರಾಯ ಎರಡಕ್ಕೂ ಸ್ವಲ್ಪ ಬೇರೆ. ಕೈಯಲ್ಲಿ ದುಡ್ಡಿದ್ದು, ಸಾಲ ಮಾಡದೆ ಹೋಗಲಿಕ್ಕೆ ಆಗುವುದಾದರೆ ಖಂಡಿತ ಹೋಗಬೇಕು. ಆದರೆ ಹತ್ತು ದಿನದಲ್ಲಿ ಏಳು ದೇಶ ಸುತ್ತಿಸುವ ಪ್ಯಾಕೇಜಿನಲ್ಲಿ ಬೇಡ. ಬೆಳಿಗ್ಗೆ ಏಳಕ್ಕೆ ಬಸ್ಸು, ಒಂದು ಗೋಪುರ, ಒಂದು ಹಿಮದ ಬೆಟ್ಟ, ಮಧ್ಯಾಹ್ನ ಪಂಜಾಬಿ ಊಟ, ರಾತ್ರಿ ಊರ ಹೊರಗಿನ ಹೋಟೆಲು. ಇಷ್ಟು ದೂರ ಹೋದ ಕೃಷಿಕ ಒಂದು ಸಲವೂ ಯಾರದ್ದಾದರೂ ತೋಟದ ಮಣ್ಣು ಮೆಟ್ಟದೆ ವಾಪಸ್ ಬರ್ತಾನೆ. ನಮ್ಮ ಬೆಳುವಾಯಿಯ ಚಿಟ್ಟೆ ಪಾರ್ಕಿಗೆ ದೂರದೂರದಿಂದ ಬರುವವರನ್ನು ನೋಡಿ. ಒಂದು ಗಿಡದ ಎದುರು ಅರ್ಧ ಗಂಟೆ ನಿಲ್ತಾರೆ. ನೋಡುವುದು ಅಂದರೆ ಹಾಗೆ.

ನಾನು ಹೇಳುವುದು ಎರಡು-ಮೂರು ನಗರ, ಒಂದು ಸರೋವರ, ಒಂದು ದ್ರಾಕ್ಷಿ ಸೀಮೆ. ಬಾಸೆಲ್, ಜಿನೀವಾ ಸರೋವರದ ದಡ, ದಾರಿಯಲ್ಲಿ ಪ್ಯಾರಿಸ್, ಕೊನೆಗೆ ಬೋರ್ಡೋ. ಎಲ್ಲವೂ ರೈಲಿನ ದಾರಿ. ಒಟ್ಟು ಹನ್ನೆರಡು ರಾತ್ರಿ ಸಾಕು.

ಯಾವಾಗ ಹೋಗುವುದು?

ಟ್ರಾವೆಲ್ಸಿನವರು ಮೇ-ಜೂನ್ ಅನ್ನುತ್ತಾರೆ. ಅದು ಪೇಟೆಯವರ ಕ್ಯಾಲೆಂಡರ್. ನಮಗೆ ಮೇ ಮಧ್ಯದವರೆಗೆ ತೋಟಕ್ಕೆ ನೀರು ಬಿಡುವುದುಂಟು, ತಿಂಗಳ ಕೊನೆಗೆ ಮೊದಲ ಮದ್ದು. ಅಲ್ಲಿಂದ 40-45 ದಿನಕ್ಕೆ ಎರಡನೆಯದು, ಮಳೆ ಬಿಡದಿದ್ದರೆ ಮೂರನೆಯದು. ಮದ್ದು ಬಿಡುವ ಆಳು ಸಿಗುವುದೇ ಕಷ್ಟ. ಅವರು ಬರುವ ದಿನ ಯಜಮಾನ ಸ್ವಿಜರ್ಲೆಂಡಿನಲ್ಲಿದ್ದರೆ ಆ ವರ್ಷದ ಫಸಲು ಕೊಳೆರೋಗಕ್ಕೆ ಹೋಯಿತು ಅಂತಲೇ ಲೆಕ್ಕ.

ನಮಗೆ ಸರಿಯಾದ ಕಾಲ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮಧ್ಯ. ಮದ್ದು ಮುಗಿದಿರುತ್ತದೆ, ನೆಲದಲ್ಲಿ ತೇವ ಇರುತ್ತದೆ, ಪಂಪು ಶುರು ಮಾಡುವ ಹೊತ್ತು ಆಗಿರುವುದಿಲ್ಲ, ಮೊದಲ ಕೊಯ್ಲಿಗೆ ಇನ್ನೂ ಸಮಯ ಉಂಟು. ಮಕ್ಕಳಿಗೆ ದಸರಾ ರಜೆ. ಏಣೆಲು ಗದ್ದೆ ಇರುವವರು ಮಾತ್ರ ಕೊಯ್ಲಿನ ದಿನ ನೋಡಿ ಒಂದು ವಾರ ಹಿಂದೆ-ಮುಂದೆ ಮಾಡಿಕೊಳ್ಳಬೇಕು. ಇನ್ನೊಂದು ಲಾಭ, ಅಲ್ಲಿ ದ್ರಾಕ್ಷಿ ಕೊಯ್ಲು ನಡೆಯುವುದೂ ಸುಮಾರಾಗಿ ಇದೇ ಹೊತ್ತಿಗೆ.

ಬಾಸೆಲ್ ಎಂತಕ್ಕೆ?

ನಮ್ಮಲ್ಲಿ ಎಷ್ಟೋ ಜನರ ಹಳೇ ಮನೆಯ ಮಾಡಿನ ಹಂಚಿನ ಮೂಲ ಅಲ್ಲುಂಟು. 1815ರಲ್ಲಿ ಆ ಊರಲ್ಲಿ ಶುರುವಾದ ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. 1843ರ 'ಮಂಗಳೂರ ಸಮಾಚಾರ', 1865ರ ಹಂಚಿನ ಕಾರ್ಖಾನೆ, 1886ರ ಮೆನ್ನರ್ ಅವರ ತುಳು ನಿಘಂಟು, 1894ರ ಕಿಟೆಲ್ ನಿಘಂಟು, ಎಲ್ಲ ಆ ಸಂಬಂಧದ್ದೇ. ಮಿಷನ್ನಿನ ದಾಖಲೆಗಳು, ನಮ್ಮ ಕರಾವಳಿಯ ಹಳೇ ಫೋಟೋಗಳು ಅಲ್ಲಿನ ಆರ್ಕೈವಿನಲ್ಲಿ ಉಂಟು. ನೋಡಬೇಕಿದ್ದರೆ ಮೊದಲೇ ಬರೆದು ತಿಳಿಸಿ ಹೋಗುವುದು ಒಳ್ಳೆಯದು.

ಇನ್ನೊಂದು ಕಾರಣ ಕೃಷಿಯದ್ದೇ. ಡಿಡಿಟಿ ಕೀಟ ಕೊಲ್ಲುತ್ತದೆ ಅಂತ 1939ರಲ್ಲಿ ಪಾಲ್ ಮ್ಯುಲ್ಲರ್ ಕಂಡುಹಿಡಿದದ್ದು ಬಾಸೆಲಿನ ಗೈಗಿ ಕಂಪೆನಿಯಲ್ಲಿ. 1948ರಲ್ಲಿ ಅದಕ್ಕೆ ನೊಬೆಲ್ ಬಂತು. ಮಲೇರಿಯಾದವರು ಬಂದು ಗೋಡೆಗೆ ಹೊಡೆದು ಹೋಗುತ್ತಿದ್ದ ಮದ್ದು ಅದೇ. ಆಮೇಲೆ ಅದನ್ನು ಹೆಚ್ಚಿನ ದೇಶಗಳು ಕೃಷಿಯಲ್ಲಿ ನಿಲ್ಲಿಸಿದವು. ನಮ್ಮ ಬದುಕನ್ನು ಕಟ್ಟಿದ ಹಂಚು, ಪುಸ್ತಕ, ವಿಷ ಮೂರೂ ಒಂದೇ ಊರಿನ ನಂಟಿನಿಂದ ಬಂದದ್ದು ಅಂದರೆ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಪಾಠ ಇಲ್ಲ. ಅಲ್ಲಿನ ಹೋಟೆಲಿನಲ್ಲಿ ಉಳಕೊಂಡವರಿಗೆ ಊರೊಳಗಿನ ಟ್ರಾಮು-ಬಸ್ಸಿನ ಕಾರ್ಡು ಪುಕ್ಕಟೆ ಸಿಗ್ತದೆ, ಅದನ್ನು ಕೇಳಿ ಪಡೆಯಿರಿ.

ಸರೋವರದ ದಡದಲ್ಲಿ ನೋಡಬೇಕಾದ್ದು ದೋಣಿಯಲ್ಲ, ಕಟ್ಟೆ

ಜಿನೀವಾ ಸರೋವರದ ಬಡಗು ದಡದಲ್ಲಿ, ಲೋಸಾನ್ ಊರಿನ ಮೂಡು ಬದಿಗೆ ಲಾವೋ ಎಂಬ ದ್ರಾಕ್ಷಿ ಸೀಮೆ ಉಂಟು. ಸುಮಾರು 30 ಕಿ.ಮೀ. ಉದ್ದಕ್ಕೆ ಕಡಿದಾದ ಗುಡ್ಡೆ, ಅದರ ಮೇಲೆ ಕಲ್ಲಿನ ಕಟ್ಟೆಗಳ ಮೆಟ್ಟಿಲು, ಕಟ್ಟೆ ಕಟ್ಟೆಗೆ ದ್ರಾಕ್ಷಿ. ಹೆಚ್ಚು ಕಡಿಮೆ ಸಾವಿರ ವರ್ಷದ ಹಿಂದೆ ಮಠದ ಸನ್ಯಾಸಿಗಳು ಶುರು ಮಾಡಿದ ಕೆಲಸ. 2007ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ತಮ್ಮ ಬಳ್ಳಿಗೆ ಮೂರು ಸೂರ್ಯ ಅಂತ ಅಲ್ಲಿಯವರು ಹೇಳುವುದುಂಟು: ಒಂದು ಆಕಾಶದ್ದು, ಒಂದು ನೀರಿನಿಂದ ಪ್ರತಿಫಲಿಸಿದ್ದು, ಒಂದು ಹಗಲಿಡೀ ಕಾದ ಕಲ್ಲಿನದ್ದು.

ಗುಡ್ಡೆ ಇದ್ದರೆ ಜೆಸಿಬಿ ತಂದು ತಟ್ಟು ಮಾಡುವುದು, ಮುಂದಿನ ಮಳೆಗೆ ಬರೆ ಜರಿಯುವುದು, ಇದು ನಾವು ಪ್ರತಿವರ್ಷ ನೋಡುವ ಸಂಗತಿ. ಅಷ್ಟು ಇಳಿಜಾರಿನಲ್ಲಿ ಅವರ ಕಟ್ಟೆ ನಿಂತದ್ದು ಹೇಗೆ, ನೀರು ಎಲ್ಲಿಂದ ಇಳಿಯುತ್ತದೆ, ಕೊಯ್ದ ಹಣ್ಣನ್ನು ಒಂಟಿ ಹಳಿಯ ಸಣ್ಣ ಗಾಡಿಯಲ್ಲಿ ಹೇಗೆ ಸಾಗಿಸುತ್ತಾರೆ, ಇದನ್ನು ಕಣ್ಣಾರೆ ನೋಡಬೇಕು. ಸೇಂಟ್ ಸಫೋರಿನ್‌ನಿಂದ ಲುಟ್ರಿಯವರೆಗೆ ತೋಟದ ನಡುವೆ 11 ಕಿ.ಮೀ. ನಡೆಯುವ ದಾರಿ ಉಂಟು. ವಯಸ್ಸಾದವರು ಕುಲ್ಲಿಯಲ್ಲಿ ರೈಲಿಳಿದು ಸ್ವಲ್ಪ ನಡೆದರೂ ಸಾಕು. ವೈನ್ ಕುಡಿಯಲೇಬೇಕು ಅಂತ ಇಲ್ಲ. ನಮ್ಮಲ್ಲಿ ಕುಡಿಯುವ ಮನೆಯೂ ಉಂಟು, ಮುಟ್ಟದ ಮನೆಯೂ ಉಂಟು. ತೋಟ ನೋಡಲಿಕ್ಕೆ ಅದರ ಹಂಗಿಲ್ಲ.

ಬೋರ್ಡೋ: ನಮ್ಮ ಮದ್ದಿನ ತವರು

ಮೈಲುತುತ್ತು-ಸುಣ್ಣದ ಬ್ಯಾರೆಲ್ ಕಲಸದ ಅಡಿಕೆಯವ ನಮ್ಮಲ್ಲಿ ಇಲ್ಲ. ಆ ದ್ರಾವಣದ ಹೆಸರೇ ಈ ಊರಿನದ್ದು. 1882ರಲ್ಲಿ ಮಿಲಾರ್ಡೆ ಎಂಬ ಪ್ರೊಫೆಸರ್ ಬೋರ್ಡೋ ಹತ್ತಿರದ ಸೇಂಟ್ ಜೂಲಿಯನ್‌ನಲ್ಲಿ ನಡೆದು ಹೋಗುವಾಗ ರಸ್ತೆ ಬದಿಯ ಬಳ್ಳಿಗಳು ಮಾತ್ರ ಹಸಿರಾಗಿ ಇದ್ದದ್ದು ನೋಡಿದರು. ಒಳಗಿನವು ಬೂಜು ರೋಗಕ್ಕೆ ಎಲೆ ಉದುರಿಸಿದ್ದವು. ವಿಚಾರಿಸಿದರೆ, ದಾರಿಹೋಕರು ಹಣ್ಣು ಕದಿಯದ ಹಾಗೆ ಬದಿಯ ಸಾಲಿಗೆ ಮೈಲುತುತ್ತು-ಸುಣ್ಣ ಎರಚಿದ್ದರಂತೆ! 1885ರಲ್ಲಿ ಅದರ ಮದ್ದಿನ ಗುಣ ಪ್ರಕಟವಾಯಿತು. ಕಳ್ಳರಿಗೆ ಹಾಕಿದ ಬಣ್ಣ ಲೋಕಕ್ಕೆಲ್ಲ ಮದ್ದಾಯಿತು.

1908ರಲ್ಲಿ ಮೈಸೂರು ಸರ್ಕಾರದ ಕೆಲಸಕ್ಕೆ ಕೆನಡಾದಿಂದ ಬಂದ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗವನ್ನು ಅಭ್ಯಾಸ ಮಾಡಿ ಇದೇ ದ್ರಾವಣವನ್ನು ಗೊನೆಗೆ ಹೊಡೆಸಿದರು. ದ್ರಾಕ್ಷಿಯ ಬೂಜು ರೋಗದ ಜೀವಿ, ನಮ್ಮ ಕೊಳೆರೋಗದ ಜೀವಿ ಎರಡೂ ಒಂದೇ ಕುಲಕ್ಕೆ ಸೇರಿದವು. ಹಾಗಾಗಿ ಅಲ್ಲಿಯ ಮದ್ದು ಇಲ್ಲಿಗೂ ಹಿಡಿಯಿತು.

ಈಗ ಅಲ್ಲಿ ಕೇಳಿಕೊಂಡು ಬರಬೇಕಾದ ಪ್ರಶ್ನೆ ಬೇರೆ. ಯುರೋಪ್ ಒಕ್ಕೂಟದಲ್ಲಿ 2019ರಿಂದ ತೋಟಕ್ಕೆ ಬಿಡುವ ತಾಮ್ರಕ್ಕೆ ಮಿತಿ ಇಟ್ಟಿದ್ದಾರೆ: ಏಳು ವರ್ಷಕ್ಕೆ ಹೆಕ್ಟೇರಿಗೆ 28 ಕೆ.ಜಿ., ಅಂದರೆ ವರ್ಷಕ್ಕೆ ಸರಾಸರಿ 4. ನೂರಕ್ಕೂ ಹೆಚ್ಚು ವರ್ಷ ಹೊಡೆದ ತಾಮ್ರ ಮಣ್ಣಿನಲ್ಲೇ ಕೂತುಬಿಟ್ಟಿದೆ, ಅದು ಕರಗಿ ಹೋಗುವ ವಸ್ತು ಅಲ್ಲ. ನಮ್ಮ ಲೆಕ್ಕ ಹಾಕಿ ನೋಡಿ. 200 ಲೀಟರಿನ ಒಂದು ಬ್ಯಾರೆಲ್ ನೂರು ಮರಕ್ಕೆ ಅಂತ ಹಿಡಿದರೆ, ಎಕರೆಯ 500 ಮರಕ್ಕೆ 1000 ಲೀಟರ್. ಶೇ. 1ರ ದ್ರಾವಣಕ್ಕೆ 10 ಕೆ.ಜಿ. ಮೈಲುತುತ್ತು. ಅದರಲ್ಲಿ ತಾಮ್ರ ಕಾಲು ಭಾಗ, ಎರಡೂವರೆ ಕೆ.ಜಿ. ಹೆಕ್ಟೇರಿಗೆ ಆರು. ಎರಡು ಸಲ ಬಿಟ್ಟರೆ ಹನ್ನೆರಡು! ಅವರ ಮಿತಿಯ ಮೂರು ಪಟ್ಟು.

ಮದ್ದು ನಿಲ್ಲಿಸಿ ಅಂತ ನಾನು ಹೇಳುವುದಿಲ್ಲ. ಬೋರ್ಡೋದಲ್ಲಿ ವರ್ಷಕ್ಕೆ 900 ಮಿ.ಮೀ. ಆಸುಪಾಸು ಮಳೆ, ನಮ್ಮಲ್ಲಿ ಅದರ ನಾಲ್ಕು ಪಟ್ಟು. ಇಲ್ಲಿ ಮದ್ದಿಲ್ಲದೆ ಅಡಿಕೆ ಉಳಿಯುವುದು ಕಷ್ಟ. ಆದರೆ ಅವರು ಕಡಿಮೆ ತಾಮ್ರದಲ್ಲಿ ಹೇಗೆ ಸುಧಾರಿಸುತ್ತಾರೆ, ಹವಾಮಾನ ನೋಡಿ ದಿನ ಹೇಗೆ ಗೊತ್ತು ಮಾಡುತ್ತಾರೆ, ರೋಗ ತಡೆಯುವ ತಳಿ ಎಲ್ಲಿಯವರೆಗೆ ಬಂತು ಅಂತ ಒಬ್ಬ ಬೆಳೆಗಾರನನ್ನಾದರೂ ಕೇಳಿ ಬನ್ನಿ. ಭಾಷೆಗೆ ಮೊಬೈಲ್ ಉಂಟಲ್ಲ. ಮೈಲುತುತ್ತಿನ ಕೈಯವರು ಅಂತ ಗೊತ್ತಾದರೆ ಮಾತು ತಾನಾಗಿ ಬೆಳೆಯುತ್ತದೆ.

ಎಲ್ಲಕ್ಕಿಂತ ಮುಖ್ಯವಾಗಿ ನೋಡಬೇಕಾದ್ದು ಅಲ್ಲಿಯ ಅರಮನೆಯಂಥ ವೈನ್ ಬಂಗ್ಲೆಗಳನ್ನಲ್ಲ, ಬಳ್ಳಿ ಕಿತ್ತ ಗದ್ದೆಗಳನ್ನು. ಹೆಚ್ಚು ಕಡಿಮೆ ಒಂದು ಲಕ್ಷ ಹೆಕ್ಟೇರ್ ದ್ರಾಕ್ಷಿ ಇದ್ದ ಸೀಮೆ ಅದು. 2023ರಲ್ಲಿ ಅಲ್ಲಿ ಸುಮಾರು 9,500 ಹೆಕ್ಟೇರ್ ಕೀಳಲು ಹೆಕ್ಟೇರಿಗೆ 6,000 ಯೂರೋ ಪರಿಹಾರ ಕೊಡುವ ಯೋಜನೆ ಬಂತು. ಫ್ರಾನ್ಸಿನಲ್ಲಿ ಕೆಂಪು ವೈನ್ ಕುಡಿಯುವುದು ಕಡಿಮೆಯಾಯಿತು, ಚೀನಾದ ಬೇಡಿಕೆ ಬಿತ್ತು, ಬೆಳೆ ಮಾತ್ರ ಬೆಳೆಯುತ್ತಲೇ ಇತ್ತು. ಲೋಕವೇ ಹೊಗಳಿದ ಹೆಸರು, ನೂರಾರು ವರ್ಷದ ಅನುಭವ, ಕಾನೂನಿನ ರಕ್ಷಣೆ ಎಲ್ಲ ಇದ್ದವರ ಪಾಡು ಇದು.

ನಮಗೆ ಏನುಂಟು? ಅಡಿಕೆಯನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಅಂತಾರಾಷ್ಟ್ರೀಯ ಸಂಸ್ಥೆ 2004ರಲ್ಲೇ ಸೇರಿಸಿದೆ. ನಾವು ಅದನ್ನು ಒಪ್ಪಲಿ ಬಿಡಲಿ, ಕೊಳ್ಳುವವನ ಕಿವಿಗೆ ಅದು ಬಿದ್ದಾಗಿದೆ. ಬಯಲುಸೀಮೆಯಲ್ಲಿ ಹೊಸ ತೋಟ ಏಳುತ್ತಲೇ ಉಂಟು. ನಮ್ಮಲ್ಲೂ ಗದ್ದೆ ಮುಚ್ಚಿ ಸಸಿ ಇಡುವುದು ನಿಂತಿಲ್ಲ. ಒಂದೇ ಬೆಳೆಗೆ ಮನೆ, ಮಕ್ಕಳ ಓದು, ಸಾಲ ಎಲ್ಲ ಕಟ್ಟಿಕೊಂಡವನು ಆ ಬೋಳು ಗದ್ದೆಯ ಬದಿಯಲ್ಲಿ ಹತ್ತು ನಿಮಿಷ ನಿಂತರೆ, ಕಾಳುಮೆಣಸಿಗೋ, ಜಾಯಿಕಾಯಿಗೋ, ಉಳಿದ ಎರಡು ಗದ್ದೆಯ ಭತ್ತಕ್ಕೋ ಮನಸ್ಸು ತಿರುಗೀತು. ಟಿಕೆಟಿನ ದುಡ್ಡು ಅಲ್ಲಿಗೆ ವಸೂಲಿ.

ಕಾಗದಪತ್ರ

ನಮಗೆ ತೊಡಕು ಬರುವುದು ವೀಸಾದಲ್ಲಿ. ಎರಡೂ ದೇಶ ಷೆಂಗೆನ್ ಒಳಗೆ, ಒಂದೇ ವೀಸಾ ಸಾಕು. ಹೆಚ್ಚು ರಾತ್ರಿ ಉಳಿಯುವ ದೇಶಕ್ಕೆ ಅರ್ಜಿ ಹಾಕಬೇಕು. ಬಾಸೆಲ್ 3, ಲೋಸಾನ್ 4 ಅಂದರೆ ಸ್ವಿಜರ್ಲೆಂಡ್ 7. ಪ್ಯಾರಿಸ್ 2, ಬೋರ್ಡೋ 3 ಅಂದರೆ ಫ್ರಾನ್ಸ್ 5. ಹಾಗಾದರೆ ಅರ್ಜಿ ಸ್ವಿಸ್ಸಿಗೆ. ದೊಡ್ಡವರಿಗೆ ಶುಲ್ಕ 90 ಯೂರೋ, 6ರಿಂದ 12ರೊಳಗಿನ ಮಕ್ಕಳಿಗೆ 45. ಕಡಿಮೆಯೆಂದರೆ 30,000 ಯೂರೋ ಇನ್ಶೂರೆನ್ಸ್ ಬೇಕು. ಆರು ತಿಂಗಳು ಮೊದಲೇ ಅರ್ಜಿ ಹಾಕಲು ಬಿಡುತ್ತಾರೆ. ಮೊದಲ ಮದ್ದು ಮುಗಿದ ಕೂಡಲೇ ಈ ಕೆಲಸ ಹಿಡಿಯಿರಿ. ಬೆರಳಚ್ಚಿಗೆ ಖುದ್ದು ಹೋಗಬೇಕು. ರೇಷನ್ ಅಂಗಡಿಯಲ್ಲೇ ಮೂಡದ ಬೆರಳು ನಮ್ಮದು, ಅಡಿಕೆ ಸುಲಿದ ವಾರ ಹೋಗಬೇಡಿ.

ಅವರು ಆದಾಯ ತೆರಿಗೆ ರಿಟರ್ನ್ ಕೇಳುತ್ತಾರೆ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲವೆಂದು ನಮ್ಮಲ್ಲಿ ಅನೇಕರು ಅದನ್ನು ಹಾಕಿಯೇ ಇಲ್ಲ. ಆಗ ಪಹಣಿ, ಬ್ಯಾಂಕ್ ಪಾಸ್‌ಬುಕ್, ಕ್ಯಾಂಪ್ಕೋ ಅಥವಾ ಸೊಸೈಟಿಗೆ ಮಾರಿದ ಬಿಲ್ಲುಗಳೇ ಸಾಕ್ಷಿ. ಬಿಲ್ಲಿಲ್ಲದೆ ನಗದಿಗೆ ಕೊಟ್ಟು ಎರಡು ರೂಪಾಯಿ ಹೆಚ್ಚು ಸಿಕ್ಕಿತು ಅಂತ ಖುಷಿಪಟ್ಟವರ ಆದಾಯ ಕಾಗದದಲ್ಲಿ ಸೊನ್ನೆ. ಯುರೋಪಿಗೆ ಹೋಗಲಿ ಬಿಡಲಿ, ಬಿಲ್ಲು ಮಾಡಿಸಿ ಮಾರುವ ಅಭ್ಯಾಸ ಒಳ್ಳೆಯದು. ಪ್ಯಾಕೇಜ್ ತೆಗೆದುಕೊಂಡರೆ ಟಿಸಿಎಸ್ ಅಂತ ಮೊದಲೇ ಹಿಡಿಯುವ ದುಡ್ಡನ್ನು ವಾಪಸ್ ಪಡೆಯಲಿಕ್ಕೂ ರಿಟರ್ನ್ ಹಾಕಲೇಬೇಕು.

ಊಟ, ಹಟ್ಟಿ, ತೋಟ

ಹೋಟೆಲಿಗಿಂತ ಅಡುಗೆಮನೆ ಇರುವ ಬಾಡಿಗೆ ಮನೆ ಹಿಡಿಯಿರಿ. ಸ್ವಿಜರ್ಲೆಂಡಿನಲ್ಲಿ ಹೊರಗಿನ ಊಟದ ಬಿಲ್ಲು ನೋಡಿದರೆ ಹಸಿವೆ ಹೋಗ್ತದೆ. ಕುಚ್ಚಲಕ್ಕಿ, ಉಪ್ಪಿನಕಾಯಿ ಕೊಂಡುಹೋಗಿ. ತುಪ್ಪ, ಪೇಡ, ಒಣಮೀನಿನ ಜೊತೆ ಮಾಂಸದ ಪದಾರ್ಥ ಬೇಡ. ಹಾಲು-ಮಾಂಸದ್ದನ್ನು ಒಳಗೆ ಬಿಡುವುದಿಲ್ಲ, ಮೀನಿಗೂ ನಿಯಮ ಉಂಟು. ತಮಾಷೆಯೆಂದರೆ ತೆಂಗಿನಕಾಯಿ, ಬಾಳೆಹಣ್ಣು, ಅನಾನಸಿಗೆ ಸಸ್ಯ ಆರೋಗ್ಯ ಸರ್ಟಿಫಿಕೇಟ್ ಬೇಡ. ಬರುವಾಗ ದ್ರಾಕ್ಷಿ ಕಡ್ಡಿ ಚೀಲಕ್ಕೆ ತುರುಕಬೇಡಿ. ಒಮ್ಮೆ ಅಮೆರಿಕದಿಂದ ಗಿಡದ ಜೊತೆ ಬಂದ ಒಂದು ಸಣ್ಣ ಕೀಟವೇ 19ನೇ ಶತಮಾನದಲ್ಲಿ ಯುರೋಪಿನ ದ್ರಾಕ್ಷಿಯನ್ನೆಲ್ಲ ಮಲಗಿಸಿದ್ದು.

ಉಳಿದದ್ದು ಮನೆ. ಹದಿನೈದು ದಿನ ದನಕ್ಕೆ ಹುಲ್ಲು ಯಾರು ಹಾಕುವುದು? ಹಿರಿಯರನ್ನು ಯಾರು ವಿಚಾರಿಸುವುದು? ಇದಕ್ಕೆ ನನಗೆ ಕಾಣುವ ದಾರಿ ಒಂದೇ, ಎರಡು ಮನೆ ಜೋಡಿಯಾಗುವುದು. ಈ ವರ್ಷ ಒಬ್ಬರು ಹೋಗುವುದು, ಇನ್ನೊಬ್ಬರು ಅವರ ಹಟ್ಟಿ-ತೋಟ ನೋಡುವುದು. ಮುಂದಿನ ವರ್ಷ ತಿರುಗಾ ಮುರುಗಾ. ನೆಟ್ಟಿ-ಕೊಯ್ಲಿಗೆ ಹಿಂದೆ ನಡೆಯುತ್ತಿದ್ದದ್ದು ಹೀಗೆಯೇ.

ಇಷ್ಟು ದೂರ ಆಗದವರು ನಂದಿ ಬೆಟ್ಟದ ಬುಡಕ್ಕೋ, ವಿಜಯಪುರಕ್ಕೋ ನಾಲ್ಕು ದಿನ ಹೋಗಿ ಬನ್ನಿ. ದ್ರಾಕ್ಷಿ ಅಲ್ಲೂ ಉಂಟು, ಬೂಜು ರೋಗವೂ ಉಂಟು. ಹೋಗುವವರು ಮಾತ್ರ ಬಂದ ಮೇಲೆ ಫೋಟೋ ಒಂದೇ ತೋರಿಸಬೇಡಿ. ಅವರ ಮಣ್ಣು ಹೇಗುಂಟು, ತಾಮ್ರ ಎಷ್ಟು ಬಿಡ್ತಾರೆ, ಬಳ್ಳಿ ಕಿತ್ತ ಜಾಗದಲ್ಲಿ ಈಗ ಎಂತ ಬೆಳೀತಾರೆ, ಈ ಮೂರಕ್ಕೆ ಉತ್ತರ ತನ್ನಿ. ನಮ್ಮಲ್ಲಿ ಇನ್ನೂ ಯಾರೂ ಮರ ಕೀಳುವ ಹಾಗೆ ಆಗಿಲ್ಲ. ಯೋಚನೆ ಮಾಡಲಿಕ್ಕೆ ಒಳ್ಳೆಯ ಕಾಲ ಅದೇ.