ಚಿತ್ರಕ್ಕೆ ಕೆಲಸವಿಲ್ಲದ ಪುಟಗಳು

ತಕೇಶಿ ಒಬಾತ ಅವರ ಕೈಯಿಂದ ಕಳಪೆ ಪುಟವೊಂದು ಬಂದದ್ದನ್ನು ನಾನು ನೋಡಿಲ್ಲ. ದೇವದೂತರ ರೆಕ್ಕೆಯ ಗರಿ, ಬಟ್ಟೆಯ ಮಡಿಕೆ, ಕಣ್ಣಿನ ಅಂಚಿನ ನೆರಳು, ಎಲ್ಲವೂ ಅಚ್ಚುಕಟ್ಟು. ಆದರೂ 2015ರಿಂದ 2021ರವರೆಗೆ ಬಂದ ‘ಪ್ಲಾಟಿನಂ ಎಂಡ್’ ಮಾಂಗಾದ (ಜಪಾನಿ ಚಿತ್ರಕಥೆ) 14 ಸಂಪುಟಗಳಲ್ಲಿ ಅರ್ಧ ದಾಟುವಷ್ಟರಲ್ಲಿ ಆಕಳಿಕೆ ಬರುತ್ತದೆ. ಕಥೆ ಬರೆದವರು ಹೊಸಬರೂ ಅಲ್ಲ. ‘ಡೆತ್ ನೋಟ್’ ಬರೆದ ತ್ಸುಗುಮಿ ಓಬಾ ಅವರೇ. ಅದೇ ಜೋಡಿ, ಮೊದಲಿಗಿಂತ ನಯವಾದ ಗೆರೆ. ಮತ್ತೆ ಎಡವಿದ್ದೆಲ್ಲಿ?

‘ಚಿತ್ರ ಚೆಂದ, ಕಥೆ ಸಪ್ಪೆ’ ಎಂದು ಮಾಂಗಾ ಓದುವವರು ಇಂಥದ್ದನ್ನು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಸಾಯಲು ಹೊರಟ ಹುಡುಗನನ್ನು ದೇವದೂತ ಬಂದು ಉಳಿಸುವುದು, ಮುಂದಿನ ದೇವರ ಪಟ್ಟಕ್ಕೆ 13 ಅಭ್ಯರ್ಥಿಗಳು, 999 ದಿನಗಳ ಗಡುವು: ಇಲ್ಲಿ ಕಥೆಗೇನು ಬರ? ಬರ ಇರುವುದು ಚಿತ್ರ ಮಾಡಬೇಕಾದ ಕೆಲಸಕ್ಕೆ. ಒಂದು ಮಾತಿನ ಗುಳ್ಳೆಯಲ್ಲಿ ನಿಯಮ, ಇನ್ನೊಂದರಲ್ಲಿ ಅದರ ವಿವರಣೆ, ಕೊನೆಕೊನೆಗೆ ದೇವರಿದ್ದಾನೋ ಇಲ್ಲವೋ ಎಂಬ ಉದ್ದುದ್ದ ಚರ್ಚೆ. ಪಾತ್ರಗಳು ಮದುವೆ ಫೋಟೋಗೆ ನಿಂತವರ ಹಾಗೆ ಸುಮ್ಮನೆ ನಿಂತಿರುತ್ತವೆ.

‘ಡೆತ್ ನೋಟ್’ನಲ್ಲಿ (2003–2006) ಮಾತು ಕಡಿಮೆಯಿತ್ತೇ? ಇಲ್ಲವೇ ಇಲ್ಲ. ಆದರೆ ಅಲ್ಲಿ, ಹೆಸರು ಬರೆದರೆ ಆ ವ್ಯಕ್ತಿ ಸಾಯುವಂಥ ಪುಸ್ತಕ ಕೈಗೆ ಸಿಕ್ಕಿರುವ ಲೈಟ್ ಎಂಬ ಹುಡುಗ, ಕೋಣೆಯಲ್ಲಿ ಗುಪ್ತ ಕ್ಯಾಮೆರಾಗಳಿವೆ ಎಂದು ಗೊತ್ತಿದ್ದೂ, ಪಾಠ ಓದುವವನಂತೆ ಕೂತಿರುತ್ತಾನೆ. ಪಕ್ಕದ ಚಿಪ್ಸ್ ಪೊಟ್ಟಣದೊಳಗೆ ಪುಟ್ಟ ಟಿವಿ ಅಡಗಿದೆ. ಒಂದು ಕೈ ಲೆಕ್ಕ ಬಿಡಿಸುತ್ತಿದ್ದರೆ ಇನ್ನೊಂದು ಸಾಯಬೇಕಾದವರ ಹೆಸರು ಗೀಚುತ್ತಿರುತ್ತದೆ. ಚಿಪ್ಸ್ ತಿನ್ನುವುದನ್ನು ಒಬಾತ ಯುದ್ಧದ ಗಾಂಭೀರ್ಯದಲ್ಲಿ ಬಿಡಿಸಿದ್ದಾರೆ. ನಗು ಬರುತ್ತದೆ, ಉಸಿರೂ ಬಿಗಿಯುತ್ತದೆ. ಆ ಚಿತ್ರ ತೆಗೆದುಬಿಟ್ಟರೆ ಸನ್ನಿವೇಶವೇ ಇಲ್ಲ.

ಇನ್ನು ಕಥೆಯೇ ತೆಳುವಾಗಿರುವ ಮಾಂಗಾಗಳಿವೆ. ಕಟ್ಟಡ ನಿರ್ಮಾಣ ಕ್ಷೇತ್ರದಲ್ಲಿ ದುಡಿದಿದ್ದ ತ್ಸುತೋಮು ನಿಹೇಯಿ 1997ರಿಂದ 2003ರವರೆಗೆ ಬಿಡಿಸಿದ ‘ಬ್ಲೇಮ್!’ ನೋಡಿ. ಯಂತ್ರಗಳು ತಮ್ಮಷ್ಟಕ್ಕೆ ಕಟ್ಟುತ್ತಲೇ ಇರುವ ಕೊನೆಯಿಲ್ಲದ ನಗರದೊಳಗೆ ಕಿಲ್ಲೀ ಎಂಬಾತ ನಡೆಯುತ್ತಾನೆ, ನಡೆಯುತ್ತಲೇ ಇರುತ್ತಾನೆ. ಎಷ್ಟೋ ಪುಟಗಳಲ್ಲಿ ಒಂದು ಮಾತಿಲ್ಲ. ಯಾರು ಯಾರ ಶತ್ರು ಎಂಬುದು ನನಗೆ ಇವತ್ತಿಗೂ ಸ್ಪಷ್ಟವಿಲ್ಲ. ಆದರೆ ಆಳ ಕಾಣದ ಕಂದಕದ ಮೇಲಿನ ಕಿರಿದಾದ ಸೇತುವೆ, ಅದರ ಮೇಲೆ ಚುಕ್ಕಿಯಷ್ಟು ಮನುಷ್ಯ: ಅವನ ಒಂಟಿತನವನ್ನು ಯಾರೂ ಬಾಯಿಬಿಟ್ಟು ಹೇಳಬೇಕಿಲ್ಲ.

ಕಾವೊರು ಮೋರಿ ಅವರ ‘ಎ ಬ್ರೈಡ್ಸ್ ಸ್ಟೋರಿ’ಯದು ಇನ್ನೊಂದೇ ಬಗೆ. 2008ರಲ್ಲಿ ಶುರುವಾಗಿ 2014ರಲ್ಲಿ ಮಾಂಗಾ ತೈಶೋ ಪ್ರಶಸ್ತಿ ಪಡೆದ ಇದರ ಕಾಲ 19ನೇ ಶತಮಾನ, ನೆಲ ಮಧ್ಯ ಏಷ್ಯಾ. 20 ವರ್ಷದ ಅಮಿರ್‌ಗೆ 12 ವರ್ಷದ ಗಂಡ. ಘಟನೆಗಳು ನಿಧಾನ, ಅಷ್ಟು ಹೊತ್ತೂ ಕಸೂತಿ, ಜಮಖಾನೆ, ಕುದುರೆ, ರೊಟ್ಟಿ. ಒಂದು ಅಧ್ಯಾಯದಲ್ಲಿ ರೋಸ್ತೆಮ್ ಎಂಬ ಪುಟ್ಟ ಹುಡುಗ, ವಯಸ್ಸಾದ ಬಡಗಿ ಮರದಲ್ಲಿ ಕೆತ್ತನೆ ಮಾಡುವುದನ್ನು ನೋಡುತ್ತ ಕೂರುತ್ತಾನೆ. ಅಷ್ಟೇ ಕಥೆ. ಉಳಿ ಎಲ್ಲಿ ಇಳಿಯಿತು, ಹೂವಿನ ದಳ ಹೇಗೆ ಎದ್ದು ಬಂತು ಎಂದು ಹುಡುಗನ ಜೊತೆ ನಾವೂ ಕಲಿಯುತ್ತೇವೆ. ಬೇಸರ? ನನಗಂತೂ ಆಗಲಿಲ್ಲ. (ಚರ್ಚ್ ಸ್ಟ್ರೀಟಿನ ಅಂಗಡಿಯಲ್ಲಿ ಗಟ್ಟಿ ರಟ್ಟಿನ ಇಂಗ್ಲಿಷ್ ಸಂಪುಟದ ಬೆಲೆ ನೋಡಿದಾಗ ಆದದ್ದು ಬೇರೆ ಸಂಕಟ.)

ನುಣುಪು ಗೆರೆ ಎಳೆಯುವ ಮೊದಲು ಮಾಂಗಾಕಾರರು ‘ನೇಮು’ ಎಂಬ ಕಚ್ಚಾ ಕರಡು ಮಾಡಿಕೊಳ್ಳುತ್ತಾರೆ: ಚೌಕಗಳು, ಗೀಚಿದ ಆಕೃತಿಗಳು, ಮಾತು. ಸಂಪಾದಕರು ತಿದ್ದಿಸುವುದೂ ಹೆಚ್ಚಾಗಿ ಈ ಹಂತದಲ್ಲೇ. ಒನ್ ಎಂಬ ಹೆಸರಿನ ಲೇಖಕರು 2009ರಲ್ಲಿ ಇಂಟರ್ನೆಟ್ಟಿಗೆ ಹಾಕತೊಡಗಿದ ‘ಒನ್-ಪಂಚ್ ಮ್ಯಾನ್’ ಹೆಚ್ಚುಕಡಿಮೆ ಇಂಥ ಕರಡಿನಂತೆಯೇ ಇತ್ತು. ವಕ್ರ ಮುಖ, ನಡುಗುವ ಗೆರೆ. ಜನ ಮುಗಿಬಿದ್ದು ಓದಿದರು. ಯಾವ ಚೌಕದಲ್ಲಿ ಏನು ಕಾಣಬೇಕು ಎಂಬುದು ಒನ್ ಅವರಿಗೆ ಗೊತ್ತಿತ್ತು. 2012ರಿಂದ ಯೂಸುಕೆ ಮುರಾತ ಅದನ್ನೇ ಬೆರಗಾಗುವಂತೆ ಮತ್ತೆ ಬಿಡಿಸಿದರು. ಕರಡಿನಲ್ಲೇ ಜೀವವಿಲ್ಲದಿದ್ದರೆ ಮುರಾತ ಅವರಂಥ ಕೈಯೂ ಏನು ಮಾಡೀತು?

ಎಲ್ಲ ತಪ್ಪನ್ನೂ ಕಲಾವಿದರ ತಲೆಗೆ ಕಟ್ಟುವುದೂ ಸರಿಯಲ್ಲ. ‘ಶೋನೆನ್ ಜಂಪ್’ನಂಥ ವಾರಪತ್ರಿಕೆಗೆ ವಾರ ವಾರವೂ 19 ಪುಟದಷ್ಟು ಕೊಡಬೇಕು. ಓದುಗರ ಮತ ಕುಸಿದರೆ ಧಾರಾವಾಹಿ ನಿಲ್ಲುತ್ತದೆ. ಗೆದ್ದರೆ ಅಷ್ಟು ಸುಲಭಕ್ಕೆ ನಿಲ್ಲಿಸಲು ಬಿಡುವುದಿಲ್ಲ. ತೀತೆ ಕುಬೊ 2001ರಿಂದ 2016ರವರೆಗೆ ಹೀಗೆ ‘ಬ್ಲೀಚ್’ ಎಳೆದರು, 74 ಸಂಪುಟ. ಖಾಲಿ ಬಿಳಿ ಪುಟದ ಮೇಲೆ ಕತ್ತಿಯ ಒಂದೇ ಬೀಸು ಎಷ್ಟು ಕಪ್ಪಾಗಿ ಬೀಳಬೇಕೆಂದು ಅವರಷ್ಟು ಬಲ್ಲವರು ಕಡಿಮೆ. ಕೊನೆಯ ಯುದ್ಧದ ಹೊತ್ತಿಗೆ ಮಾತ್ರ ಆ ಬಿಳಿ ಬರೀ ದಣಿವಿನಂತೆ ಕಾಣುತ್ತದೆ. ಅದೇ ಯುದ್ಧ 2022ರಿಂದ ಅನಿಮೆಯಾಗಿ ಬರತೊಡಗಿದಾಗ, ಮಾಂಗಾದಲ್ಲಿ ಇಲ್ಲದ ದೃಶ್ಯಗಳು ಕುಬೊ ಅವರ ಮೇಲ್ವಿಚಾರಣೆಯಲ್ಲೇ ಸೇರಿಕೊಂಡವು. ವಾರದ ಗಡುವು ಇಲ್ಲದಿದ್ದರೆ ಅವು 2016ರಲ್ಲೇ ಪುಟಕ್ಕೆ ಬರುತ್ತಿದ್ದವೋ ಏನೋ. ‘ಜಂಪ್’ ಸಂಪಾದಕರನ್ನೇ ಕೇಳಬೇಕು.