ಕಷ್ಟದ ಗುಂಪು ಬಂದರೆ ಬರಲಿ ಬಿಡಿ

ಕೆಂಗೇರಿ ಉಪನಗರದ ನಮ್ಮ ರಸ್ತೆಯಲ್ಲಿ ಮೆಸ್ಸಿ ಜೆರ್ಸಿ ಹಾಕಿಕೊಂಡ ಹುಡುಗರು ಬೇಕಾದಷ್ಟಿದ್ದಾರೆ. ಭಾರತ ತಂಡದ ಮಾತೆತ್ತಿದರೆ ಮಾತ್ರ ಒಂದೇ ಉತ್ತರ: ‘ನಮ್ಗೆ ಗುಂಪೇ ಸರಿ ಸಿಗಲ್ಲ ಸಾರ್.’ ಪಿ.ಟಿ. ಮೇಷ್ಟ್ರಾಗಿ ಸೀಟಿ ಊದಿ ನಿವೃತ್ತನಾದವನು ನಾನು. ಚೀಟಿ ಎತ್ತಿದ ಕೂಡಲೇ ಮುಖ ಸಪ್ಪೆ ಮಾಡಿಕೊಳ್ಳುವ ತಂಡಗಳನ್ನು ತಾಲ್ಲೂಕು ಮಟ್ಟದಲ್ಲೇ ಸಾಕಷ್ಟು ಕಂಡಿದ್ದೇನೆ. ಈ ನೆಪ ನನಗೆ ಹಿಡಿಸುವುದಿಲ್ಲ.

2024ರ ಜನವರಿಯಲ್ಲಿ ಕತಾರ್‌ನಲ್ಲಿ ನಡೆದ ಏಷ್ಯಾ ಕಪ್‌ನಲ್ಲಿ ನಮಗೆ ಸಿಕ್ಕಿದ್ದು ಆಸ್ಟ್ರೇಲಿಯಾ, ಉಜ್ಬೇಕಿಸ್ತಾನ, ಸಿರಿಯಾ. ಗುಂಪು ಕಷ್ಟದ್ದೇ, ಒಪ್ಪೋಣ. 0–2, 0–3, 0–1. ಮೂರು ಪಂದ್ಯಗಳಲ್ಲಿ ನಮ್ಮದೊಂದು ಗೋಲೂ ಇಲ್ಲ. ಆದರೆ ಅದೇ ಟೂರ್ನಿಯಲ್ಲಿ ಇಂಡೊನೇಷ್ಯಾ ಜಪಾನ್, ಇರಾಕ್, ವಿಯೆಟ್ನಾಂ ಇದ್ದ ಗುಂಪಿನಲ್ಲಿತ್ತು. ಎರಡು ಪಂದ್ಯ ಸೋತು, ಒಂದೇ ಒಂದು ಗೆದ್ದು, ಮೂರನೇ ಸ್ಥಾನದವರ ಲೆಕ್ಕದಲ್ಲಿ ಹದಿನಾರರ ಘಟ್ಟಕ್ಕೆ ಹೋಯಿತು.

ಅದಕ್ಕೂ ಹಿಂದಿನ ವರ್ಷ ನಾವು ಹೇಗಿದ್ದೆವು? 2023ರಲ್ಲಿ ಇಂಫಾಲ, ಭುವನೇಶ್ವರ, ಬೆಂಗಳೂರು ಮೂರೂ ಕಡೆ ಟ್ರೋಫಿ ಎತ್ತಿದ್ದೆವು. ಕಂಠೀರವದಲ್ಲಿ ದಕ್ಷಿಣ ಏಷ್ಯಾದ ಸ್ಯಾಫ್ ಟೂರ್ನಿಯ ಮೊದಲ ದಿನ ಮಳೆಯಲ್ಲೇ ಪಾಕಿಸ್ತಾನವನ್ನು 4–0ಯಿಂದ ಮಣಿಸಿದೆವು, ಸುನಿಲ್ ಚೆಟ್ರಿ ಹ್ಯಾಟ್ರಿಕ್ ಹೊಡೆದರು. ರ‍್ಯಾಂಕಿಂಗ್ 99ಕ್ಕೆ ಬಂತು. ಎಲ್ಲವೂ ಮನೆಯಂಗಳದ ಆಟ. ಆ ಸ್ಯಾಫ್‌ನಲ್ಲೂ ನಮಗೆ ಬೆವರಿಳಿಸಿದವರು ಹೊರಗಿನಿಂದ ಬಂದ ಅತಿಥಿಗಳೇ. ಕುವೈತ್ ಎದುರು ಗುಂಪಿನಲ್ಲೂ 1–1, ಫೈನಲ್‌ನಲ್ಲೂ 1–1. ಲೆಬನಾನ್ ಎದುರು ಸೆಮಿಫೈನಲ್‌ನಲ್ಲಿ ಗೋಲೇ ಬರಲಿಲ್ಲ. ಸೆಮಿಫೈನಲ್, ಫೈನಲ್ ಎರಡರಲ್ಲೂ ಪೆನಾಲ್ಟಿ ಶೂಟೌಟ್ ಕೈಹಿಡಿಯಿತು. ಕಪ್ಪಿನ ಹೊಳಪಿನಲ್ಲಿ ಅದನ್ನು ಯಾರೂ ಎಣಿಸಲಿಲ್ಲ.

ಇನ್ನು ಸುಲಭದ ಗುಂಪಿನ ಕಥೆ. 2027ರ ಏಷ್ಯಾ ಕಪ್ ಅರ್ಹತಾ ಸುತ್ತಿನಲ್ಲಿ ನಮ್ಮ ಜೊತೆಗಿದ್ದವರು ಹಾಂಗ್‌ಕಾಂಗ್, ಸಿಂಗಪುರ, ಬಾಂಗ್ಲಾದೇಶ. ಎಲ್ಲರೂ ನಿಟ್ಟುಸಿರು ಬಿಟ್ಟೆವು. ಶಿಲ್ಲಾಂಗ್‌ನಲ್ಲಿ ಬಾಂಗ್ಲಾದೇಶದೊಂದಿಗೆ 0–0. ಹಾಂಗ್‌ಕಾಂಗ್‌ನಲ್ಲಿ ಕೊನೆಯ ಗಳಿಗೆಯ ಪೆನಾಲ್ಟಿಯಿಂದ ಸೋಲು. 2025ರ ಅಕ್ಟೋಬರ್ 14ರಂದು ಮಡಗಾಂವ್‌ನಲ್ಲಿ, ನಮ್ಮದೇ ನೆಲದಲ್ಲಿ, ಛಾಂಗ್ಟೆ ಗೋಲಿನಿಂದ ಮುಂದಿದ್ದೂ ಸಿಂಗಪುರಕ್ಕೆ 1–2ರಿಂದ ಶರಣಾಗಿ ಹೊರಬಿದ್ದೆವು. ಸಿಂಗಪುರ ಅರ್ಹತೆ ಪಡೆಯಿತು. ಆ ಇಡೀ ದೇಶದ ಜನಸಂಖ್ಯೆ ಬೆಂಗಳೂರಿನದ್ದಕ್ಕಿಂತ ಕಡಿಮೆ. ಈಗ ಯಾವ ಚೀಟಿಯನ್ನು ಬೈಯೋಣ?

ಕಷ್ಟದ ಗುಂಪು ಎಂದರೆ ಏನೆಂದು ನಮ್ಮ ಹಿರಿಯರನ್ನು ಕೇಳಬೇಕು. 1960ರ ರೋಮ್ ಒಲಿಂಪಿಕ್ಸ್. ಹಂಗೆರಿ, ಫ್ರಾನ್ಸ್, ಪೆರು. ಮುಂದಕ್ಕೆ ಹೋಗುವುದು ಗುಂಪಿನ ಮೊದಲಿಗರು ಮಾತ್ರ. ಕೋಚ್ ರಹೀಂ ಸಾಹೇಬರ ಆ ತಂಡದಲ್ಲಿ ನಮ್ಮ ಬೆಂಗಳೂರಿನ ಕೆಂಪಯ್ಯನವರೂ ಇದ್ದರು. ಹಂಗೆರಿ ಫ್ರಾನ್ಸ್‌ಗೆ ಏಳು ಗೋಲು ಹೊಡೆಯಿತು, ಪೆರುವಿಗೆ ಆರು. ಭಾರತಕ್ಕೆ ಹೊಡೆದದ್ದು ಎರಡೇ, ತಿರುಗಿ ಬಲರಾಂ ಒಂದು ಹೊಡೆದರು. ಫ್ರಾನ್ಸ್ ಜೊತೆ 1–1. ಪೆರುವಿಗೆ ಸೋತು ಗುಂಪಿನಲ್ಲಿ ಕೊನೆಯವರಾದರು, ನಿಜ. ಎರಡೇ ವರ್ಷಕ್ಕೆ ಜಕಾರ್ತಾದ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದರು. ರೋಮ್‌ನ ಪೆಟ್ಟುಗಳಿಗೂ ಆ ಚಿನ್ನಕ್ಕೂ ಸಂಬಂಧವಿಲ್ಲವೆಂದು ಯಾರಾದರೂ ಹೇಳಿದರೆ ನಾನು ಒಪ್ಪುವವನಲ್ಲ.

ಕತಾರ್‌ನಲ್ಲೂ ಕಲಿಯುವುದಿತ್ತು. ಆಸ್ಟ್ರೇಲಿಯಾ ಎದುರು ವಿರಾಮದವರೆಗೆ ಗೋಲು ಬಿಟ್ಟುಕೊಟ್ಟಿರಲಿಲ್ಲ. ಆಮೇಲೆ ಕಾಲು ಸೋತವು. ಉಜ್ಬೇಕಿಸ್ತಾನ ವಿರಾಮಕ್ಕೆ ಮೊದಲೇ ಮೂರು ಹೊಡೆದು ಮುಗಿಸಿತು. ಅದೇ ಉಜ್ಬೇಕಿಸ್ತಾನ 2026ರ ವಿಶ್ವಕಪ್‌ಗೆ ಮೊದಲ ಬಾರಿ ಅರ್ಹತೆ ಪಡೆಯಿತು. ಅಂಥವರ ಎದುರು ನಾವು ಆಡುವುದು ಹೆಚ್ಚಾಗಿ ಟೂರ್ನಿಯ ಚೀಟಿ ಎತ್ತಿದಾಗಲೇ. ಕೋಚ್ ಸ್ಟಿಮ್ಯಾಚ್ ಆಗ ದೀರ್ಘ ಶಿಬಿರ ಕೇಳಿದ್ದರು. ಐಎಸ್‌ಎಲ್ ಪಂದ್ಯಗಳ ನಡುವೆ ಸಿಕ್ಕಿದ್ದು ಎರಡು ವಾರದಷ್ಟು.

ಫೆಡರೇಷನ್ನಿನವರು ಸೌಹಾರ್ದ ಪಂದ್ಯಗಳಿಗೆ ತಾಷ್ಕೆಂಟ್‌ಗೆ ಹೋಗಲಿ, ಅಮ್ಮಾನ್‌ಗೆ ಹೋಗಲಿ. ಇಲ್ಲಿಗೇ ಕರೆಸುವುದಾದರೆ ಉಜ್ಬೇಕಿಸ್ತಾನವನ್ನೇ ಕಂಠೀರವಕ್ಕೆ ಕರೆಸಲಿ. ರ‍್ಯಾಂಕಿಂಗ್ ನಾಲ್ಕು ಮೆಟ್ಟಿಲು ಇಳಿದರೆ ಇಳಿಯಲಿ. ದುಡ್ಡು ಕೊಟ್ಟು ಟಿಕೆಟ್ ತೆಗೆದುಕೊಂಡು, ನಮ್ಮ ರಸ್ತೆಯ ಆ ಮೆಸ್ಸಿಗಳನ್ನೂ ಎಳೆದುಕೊಂಡು ಕೆಂಗೇರಿಯಲ್ಲಿ ಮೆಟ್ರೊ ಹತ್ತುತ್ತೇನೆ. ಮೂರು ಗೋಲಿನಿಂದ ಸೋತರೂ ಪರವಾಗಿಲ್ಲ.